ಹೆಸರು ಹೇಳಿ ಒಳಗೆ ಬಾ

ಶರಣವ್ವನ ಬಾಯಿಗೆ ಆಂಟೆನಾ ಬೇಕಾಗಿರಲಿಲ್ಲ. ಚೆಂಬೂರಿನ ಗುಡ್ಡಕ್ಕೆ ಅಂಟಿಕೊಂಡ ಚಾಳಿನಲ್ಲಿ, ಬೆಳಿಗ್ಗೆ ನಳದ ಪಾಳಿಯಲ್ಲಿ ನಿಂತು ಆಕೆ ಒಂದು ಮಾತು ಆಡಿದರೆ ಅದು ಮಧ್ಯಾಹ್ನದೊಳಗೆ ಘಾಟ್ಕೋಪರ್ ಮುಟ್ಟಿ, ಅಲ್ಲಿ ಕೈಕಾಲು ಮೂಡಿಸಿಕೊಂಡು, ಸಂಜೆಯ ಹೊತ್ತಿಗೆ ದೊಡ್ಡದಾಗಿ ಬೆಳೆದು ತಿರುಗಿ ಬರುತ್ತಿತ್ತು. ಇಂಥವಳಿಗೆ ದೇವರು ಮೇಲೊಂದು ರೇಡಿಯೋವನ್ನೂ ಕೊಟ್ಟ. ಇದ್ದವರಿಗೇ ಇನ್ನಷ್ಟು ಕೊಡುವುದು ಅವನ ಹಳೆಯ ಚಟ.

ರೇಡಿಯೋ ಎಂದರೆ ದೊಡ್ಡದೇನಲ್ಲ. ಗುಡ್ಡದ ಕೆಳಗಿನ ಕಾಲೇಜಿನವರು ತಮ್ಮ ಹಳೆಯ ರಸಾಯನಶಾಸ್ತ್ರದ ಲ್ಯಾಬಿನ ಗೋಡೆಗಳಿಗೆ ಫೋಮ್ ಅಂಟಿಸಿ ನಡೆಸುತ್ತಿದ್ದ ಸಮುದಾಯ ಬಾನುಲಿ. ಗೋಡೆಯೊಳಗಿಂದ ಈಗಲೂ ಮಳೆಗಾಲದಲ್ಲಿ ಆಸಿಡ್ಡಿನ ಸಣ್ಣ ವಾಸನೆ ಬರುತ್ತಿತ್ತು. ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿದರೆ ಚೆಂಬೂರಿನ ತುಂಬ ಕೇಳುತ್ತಿತ್ತು. ಘಾಟ್ಕೋಪರಿನಲ್ಲಿ ಅದರ ಮನಸ್ಸು ಬಂದಾಗ. ಆಚೆಗೆ ಕೊರಕೊರ ಸದ್ದು.

ಶರಣವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ರೊಟ್ಟಿ ಬಡಿಯುತ್ತಾ ರೇಡಿಯೋ ಕೇಳುವವಳು. ಹೀಗೆ ಕೇಳಿ ಕೇಳಿ ಒಂದು ದಿನ ಹಿಟ್ಟಿನ ಕೈ ತೊಳೆದು, ಸೆರಗು ಸಿಕ್ಕಿಸಿ, ಕಾಲೇಜಿನ ಮೆಟ್ಟಿಲು ಹತ್ತಿ ಜಗಳಕ್ಕೇ ಹೋದಳು. ಅಲ್ಲಿ ಸಿಕ್ಕವಳು ವಾರಿಜಾ. ಕಾರ್ಯಕ್ರಮ ತಯಾರಿಸುವ ಹುಡುಗಿ. ಹುಟ್ಟಿದ್ದು ಬೆಳೆದದ್ದು ಚೆಂಬೂರಿನ ಕಾಲೊನಿಯಲ್ಲಿ, ಅಪ್ಪ ಅಮ್ಮ ಉಡುಪಿಯ ಕಡೆಯವರು. ಮನೆಯಲ್ಲಿ ತುಳು, ಸ್ನೇಹಿತರಲ್ಲಿ ಹಿಂದಿ, ಸಂಬಳದಲ್ಲಿ ಇಂಗ್ಲಿಷ್. ಕನ್ನಡ ಆಕೆಗೆ ಹಬ್ಬಕ್ಕೆ ತೆಗೆಯುವ ಸೀರೆಯ ಹಾಗೆ, ಮಡಿಕೆ ಹಾಗೇ ಇತ್ತು.

"ಸೋಮವಾರ ಮರಾಠಿ, ಮಂಗಳವಾರ ಹಿಂದಿ, ಬುಧವಾರ ತಮಿಳು. ನಮ್ಮ ಮಂದಿ ಏನ್ ಪಾಪ ಮಾಡ್ಯಾರ?" ಎಂದಳು ಶರಣವ್ವ. "ಈ ಕಾಲೇಜಿನ ಗ್ವಾಡಿ ಕಟ್ಟಿದವರು ಯಾರು, ಗೊತ್ತದೇನ್ ನಿಂಗ?"

"ಯಾರು?"

"ನಂಗೂ ಗೊತ್ತಿಲ್ಲ. ನಾವಾ ಇರಬೇಕು. ಮತ್ಯಾರ್ ಕಟ್ತಾರ?"

ವಾರಿಜಾ ಕೆಲವು ತಿಂಗಳಿಂದ ಕನ್ನಡದ ಕಾರ್ಯಕ್ರಮಕ್ಕೆ ದನಿ ಹುಡುಕುತ್ತಿದ್ದಳು. ಬಂದವರೆಲ್ಲ ಮೈಕು ಕಂಡ ಕೂಡಲೇ ಗಂಟಲು ಸರಿಮಾಡಿಕೊಂಡು ಸ್ವಾಗತ ಭಾಷಣ ಶುರು ಮಾಡುತ್ತಿದ್ದರು. ಈಕೆ ಮೈಕನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ರೊಟ್ಟಿಯ ಗಂಟು ಇಟ್ಟಿದ್ದಳು.

"ನೀವೇ ಮಾಡಿ ಅಕ್ಕ ಪ್ರೋಗ್ರಾಮು. ಇಂಟರ್‌ವ್ಯೂ. ನೀವು ಕೇಳುದು, ಅವರು ಹೇಳುದು."

"ಅಷ್ಟಕ್ಕ ಮಶೀನ್ ಯಾಕ ಬೇಕು?"

ಕಾರ್ಯಕ್ರಮಕ್ಕೆ ವಾರಿಜಾ 'ಅಂತರಂಗ ಸಂವಾದ' ಎಂದು ಹೆಸರಿಡಲು ಹೊರಟಿದ್ದಳು. ಅದು ಯಾರಿಗೋ ಹೊಟ್ಟೆಯ ಆಪರೇಶನ್ ಆದ ಹಾಗೆ ಕೇಳುತ್ತದೆಂದು ಶರಣವ್ವ ಒಪ್ಪಲಿಲ್ಲ. ಮುಂಬಯಿಯ ಯಾವ ಮೂಲೆಯಲ್ಲಿ ಕನ್ನಡ ಕಿವಿಗೆ ಬಿದ್ದರೂ ಆಕೆಯ ಬಾಯಿಂದ ಬರುತ್ತಿದ್ದ ಮೊದಲ ಮಾತನ್ನೇ ಹೆಸರಾಗಿ ಇಟ್ಟರು: 'ಯಾವೂರ್ರೀ ನಿಮ್ದು?' ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಪ್ರಸಾರ.

ಸ್ಟುಡಿಯೋಕ್ಕೆ ಬರಲು ಹೆಂಗಸರು ಹೆದರುತ್ತಿದ್ದರು. ಹಾಗಾಗಿ ಮೊದಮೊದಲು ವಾರಿಜಾಳೇ ರೆಕಾರ್ಡರ್ ಹಿಡಿದು ಶರಣವ್ವನ ಖೋಲಿಗೆ ಬಂದಳು. ತಗಡಿನ ಛಾವಣಿಯ ಕೆಳಗೆ ದನಿ ಡಬ್ಬದೊಳಗಿನ ಕಲ್ಲಿನಂತೆ ಕುಣಿಯಿತು. ಶರಣವ್ವ ಟ್ರಂಕಿನಿಂದ ಕೌದಿಗಳನ್ನು ತೆಗೆದು ನಾಲ್ಕೂ ಗೋಡೆಗೆ ಇಳಿಬಿಟ್ಟಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ದಪ್ಪ ಕೌದಿಗಳು. ತೀರಿಹೋದ ಅವ್ವನ ಹಸಿರು, ಮಗಳು ಸೋನಾಲಿಯ ತೊಟ್ಟಿಲ ಕೆಂಪು ಅವುಗಳಲ್ಲಿದ್ದವು. ದನಿ ಅವುಗಳ ಮಡಿಲಲ್ಲಿ ಮುಖ ಹುದುಗಿಸಿ ಸುಮ್ಮನಾಯಿತು. ಬಳೆಯ ಸದ್ದು ಬರುತ್ತದೆ, ತೆಗೆಯಿರಿ ಎಂದಳು ವಾರಿಜಾ. ಗಂಡ ಇರುವವಳು ಬಳೆ ತೆಗೆಯುವುದೇ? ಕೊನೆಗೆ ಎರಡೂ ಕೈಗಳ ಬಳೆಗಳನ್ನು ಕರ್ಚೀಫಿನಿಂದ ಬಿಗಿದು, ಪೆಟ್ಟು ತಿಂದು ಪಟ್ಟಿ ಕಟ್ಟಿಸಿಕೊಂಡವಳ ಹಾಗೆ ಕೂತು ಆಕೆ ಮೊದಲ ಸಂದರ್ಶನ ಮಾಡಿದಳು.

ಅತಿಥಿ ಸುಂದ್ರವ್ವ, ಮೂರನೆಯ ಖೋಲಿಯವಳು. ಅರವತ್ತರ ಹೆಂಗಸು, ಮೊಣಕಾಲಲ್ಲಿ ನೋವು, ನಾಲಿಗೆಯಲ್ಲಿ ಯಾವ ನೋವೂ ಇರಲಿಲ್ಲ. ಊರು ಹೇಳಿದಳು, ಕೆಲಸ ಹೇಳಿದಳು, ಸೊಸೆಯ ಬಗ್ಗೆ ಕೇಳದಿದ್ದರೂ ಹೇಳಿದಳು. "ನಿಮ್ಮ ಮನಿಯವರ ಹೆಸರು?" ಎಂದಾಗ ಮಾತ್ರ ಬಾಯಿ ಮುಚ್ಚಿ, ಗೋಡೆಯ ಕಡೆ ಬೆರಳು ಮಾಡಿದಳು.

ಕಿವಿಗೆ ಹೆಡ್‌ಫೋನ್ ಹಾಕಿದ್ದ ವಾರಿಜಾ ಗಾಬರಿಯಾದಳು. "ಎಂತ ಆಯ್ತು? ಸೌಂಡೇ ಬರುದಿಲ್ಲ."

"ತೋರ್ಸಲಿಕ್ಕತ್ತಾಳ. ಕೌದಿ ಹಿಂದ ನಮ್ಮ ಕಡಿ ಸಂತ ಯಲ್ಲಾಲಿಂಗ ಮುತ್ಯಾನ ಫೋಟೋ ಅದ. ಗಂಡನ ಹೆಸರೂ ಅದಾ."

"ರೇಡಿಯೋದಲ್ಲಿ ತೋರಿಸಿದ್ರೆ ಕಾಣುದು ಹೇಗೆ ಮಾರಾಯ್ತಿ?"

ಶರಣವ್ವನ ಊರಿನ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಕಾಲಿಡುವಾಗ ನಾದಿನಿ ನೆಗೆಣ್ಣಿಯರು ಬಾಗಿಲಿಗೆ ಅಡ್ಡ ಕೈ ಹಿಡಿದು ನಿಲ್ಲುತ್ತಾರೆ. ಹೆಸರು ಹೇಳಿದರೇ ಒಳಗೆ. ಆಗ ಮದುಮಗಳು ಎರಡು ಸಾಲು ಪದ ಕಟ್ಟಿ, ಎರಡನೆಯ ಸಾಲಿನ ತುದಿಗೆ ಆ ಹೆಸರನ್ನು ಹೂವಿನಂತೆ ಸಿಕ್ಕಿಸಿ ಹೇಳುತ್ತಾಳೆ. ಅದೇ ಒಡಪು. ನಾಚಿಕೆಗೆ ನಾಚಿಕೆಯೂ ಉಳಿಯಿತು, ಹೆಸರೂ ಬಂತು.

"ಒಡಪು ಹಾಕಿ ಹೇಳು ಹಂಗಾದ್ರ," ಎಂದಳು ಶರಣವ್ವ.

ಸುಂದ್ರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅರವತ್ತರ ಮುಖದಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಹಾದುಹೋದಳು.

"ನಳದಾಗ ನೀರು ಬಂದ್ರ ಓಡತಾರ ಕುದರಿಹಂಗ,
ನಾಕು ಕೊಡ ಹೊತ್ತು ತರೋ ಗಂಡ ನಮ್ಮ ಯಲ್ಲಾಲಿಂಗ."

ಆ ಶುಕ್ರವಾರ ಅದು ಪ್ರಸಾರವಾದ ಮೇಲೆ ಶರಣವ್ವ ಅತಿಥಿಗಳನ್ನು ಹುಡುಕಬೇಕಾಗಿ ಬರಲಿಲ್ಲ. ತಮ್ಮ ತಮ್ಮ ಒಡಪು ಹಿಡಿದುಕೊಂಡು ಅವರೇ ಬಂದರು. ಮೂವತ್ತು ವರ್ಷದಿಂದ ಗಂಡನನ್ನು 'ಇವರ', 'ಕೇಳ್ತೀರೇನ್ರಿ' ಎಂದು ಕರೆದು ಸವೆಸಿದವರೆಲ್ಲ ಮೈಕಿನ ಮುಂದೆ ಹೆಸರು ಹೇಳಿ, ಹೇಳಿದ ಮೇಲೆ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಗಂಡಂದಿರು ಕೆಲಸದ ಜಾಗದಲ್ಲಿ ಇಯರ್‌ಫೋನಿನ ಒಂದೊಂದು ತುದಿ ಹಂಚಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಶಿವಕುಮಾರಿಗೆ ಒಡಪು ಬಾರದು. ಅವಳಿಗೆ ಶರಣವ್ವನೇ ಕಟ್ಟಿಕೊಟ್ಟಳು:

"ಮೈಗೆ ಹಚ್ಚಿದ ಅರಿಶಿಣದ ಇನ್ನೂ ಮಾಸಿಲ್ಲ ಬಣ್ಣ,
ಮಂಚದ ಮ್ಯಾಲ ಮಲ್ಲಿಗಿ ಚೆಲ್ಲಿ ಕಾಯತಾರ ಸಾಬಣ್ಣ."

ಮೊದಲು 'ರೊಟ್ಟಿ ಶರಣವ್ವ' ಎನ್ನುತ್ತಿದ್ದವರು ಈಗ 'ರೇಡಿಯೋ ಶರಣವ್ವ' ಎನ್ನತೊಡಗಿದರು. ಖಾನಾವಳಿಯವನು ರೊಟ್ಟಿ ದಪ್ಪಗಾಗಿವೆ ಎಂದು ಗೊಣಗುವುದನ್ನೂ ಬಿಟ್ಟ. ಆಕೆ ನಡೆಯುವ ರೀತಿಯೇ ಬದಲಾಯಿತು. ಯಾರಾದರೂ "ಅಕ್ಕಾ, ನಿನ್ನ ಒಡಪು ಯಾವುದು?" ಎಂದು ಕೇಳಿದರೆ, "ನಂದಾ? ಅದು ಭಾಳ ಉದ್ದ ಅದ. ನಾ ಹೇಳಿ ಮುಗಸೂತನಕ ನಮ್ಮ ನೆಗೆಣ್ಣಿ ಬಾಗಲದಾಗ ನಿಂತಾಕಿ ಕುಂತುಬಿಟ್ಟಿದ್ಲು," ಎಂದು ಮುಂದೆ ಹೋಗುತ್ತಿದ್ದಳು. ಗಂಡ ಮರೆಪ್ಪ ಒಳಗೆ ಚಹಾ ಸೋಸುತ್ತಾ ಇದನ್ನು ಕೇಳಿ, ಕೆಮ್ಮು ಬಂದವನಂತೆ ಕೆಮ್ಮುತ್ತಿದ್ದ.

ಎಲ್ಲ ಚೆನ್ನಾಗಿತ್ತು. ಕೆಡಿಸಿದ್ದು ಕಲೆ.

ಕಾರ್ಯಕ್ರಮಕ್ಕೆ ಒಂದು ಸಣ್ಣ ಜಾಹೀರಾತು ಮಾಡು, ದಿನವಿಡೀ ಮಧ್ಯೆ ಮಧ್ಯೆ ಹಾಕೋಣ ಎಂದರು ಸ್ಟೇಷನ್ನಿನ ಮ್ಯಾನೇಜರ್ ಸದಾನಂದ ಸರ್. ವಾರಿಜಾ ಕಂಪ್ಯೂಟರ್ ಮುಂದೆ ಕೂತು ಒಡಪುಗಳನ್ನೆಲ್ಲ ಕೇಳಿದಳು. ಅವಳ ಮನೆಯ ಕಡೆ ಈ ಪದ್ಧತಿ ಇಲ್ಲ. ಅವಳಿಗೆ ಅವು ಚಂದದ ಸಾಲುಗಳು, ಅಷ್ಟೇ. ಒಬ್ಬಳ ಮೊದಲ ಸಾಲಿಗೆ ಇನ್ನೊಬ್ಬಳ ಎರಡನೆಯ ಸಾಲು ಜೋಡಿಸಿದರೆ ಇಡೀ ಚಾಳಿನ ಹೆಂಗಸರು ಒಂದೇ ಉಸಿರಲ್ಲಿ ಹಾಡಿದಂತೆ ಇರುತ್ತದೆ ಎನ್ನಿಸಿತು. ಕತ್ತರಿಸಿದಳು, ಜೋಡಿಸಿದಳು, ಹಿಂದೆ ಸಣ್ಣಗೆ ಕೊಳಲು ಇಟ್ಟಳು. ತಾನೇ ಕೇಳಿ ಕಣ್ಣು ತುಂಬಿಕೊಂಡಳು. ಮಾಧ್ಯಮದ ತರಗತಿಗಳಲ್ಲಿ ಇದಕ್ಕೆ ಮೊಂಟಾಜ್ ಎನ್ನುತ್ತಾರೆ. ಚಾಳಿನಲ್ಲಿ ಇದಕ್ಕೆ ಬೇರೆ ಹೆಸರಿದೆ.

ಜಾಹೀರಾತು ಬೆಳಿಗ್ಗೆ ಶುರುವಾಯಿತು. ಸುಂದ್ರವ್ವನ ದನಿ, ನಳದ ನೀರಿಗೆ ಕುದುರೆಯ ಹಾಗೆ ಓಡುವ ಗಂಡನನ್ನು ಹೊಗಳಿತು, ಕೊಳಲು ಊದಿತು, ಅದರ ಬೆನ್ನಿಗೇ ಮಂಚದ ಮೇಲೆ ಮಲ್ಲಿಗೆ ಚೆಲ್ಲಿಕೊಂಡು ಸಾಬಣ್ಣ ಕಾಯುತ್ತ ಕೂತ. ಇನ್ನೊಮ್ಮೆ ಕೊಳಲು. ಮೈಯ ಅರಿಶಿಣ ಮಾಸದ ಶಿವಕುಮಾರಿಯ ಸಾಲು ಮುಗಿಯುತ್ತಲೇ ನಾಲ್ಕು ಕೊಡ ಹೊತ್ತು ಯಲ್ಲಾಲಿಂಗ ಹಾಜರಾದ. ಮಧ್ಯಾಹ್ನ ಊಟದ ಹೊತ್ತಿಗೆ ಇದು ಹಲವು ಸಲ ಪ್ರಸಾರವಾಗಿ, ಗುಡ್ಡದ ಮೇಲಿನ ಕೆಲವು ಸಂಸಾರಗಳು ಅದಲು ಬದಲಾಗಿದ್ದವು.

"ಶರಣವ್ವಾ, ಹೊರಗ ಬಾ ಬೇ."

ಬಾಗಿಲಲ್ಲಿ ಸುಂದ್ರವ್ವ. ಅವಳ ಬೆನ್ನಿಗೆ ಮುಖ ಕೆಂಪಗಾದ ಶಿವಕುಮಾರಿ.

"ಏನಾತವ್ವ?"

"ಏನಾತು ಅಂತ ಕೇಳ್ತಿ? ಅರವತ್ತಾಗ್ಯಾವ ನಂಗ. ಮೊಣಕಾಲಿಗಿ ಎಣ್ಣಿ ತಿಕ್ಕೊಂಡು ಕುಂತಾಕಿನ್ನ ಎತ್ತಿ ಒಯ್ದು ಈಕಿ ಗಂಡನ ಮಂಚದ ಮ್ಯಾಲ ಒಗದೀರಲ್ಲ!"

"ನಮ್ಮವರು ನಾಕಾಕ್ಕ ಹೋಗವಲ್ಲರು ಅಕ್ಕ," ಎಂದಳು ಶಿವಕುಮಾರಿ. ಬೆಳಿಗ್ಗೆ ಕೂಲಿಗೆ ಕರೆಯುವವರಿಗಾಗಿ ಗಂಡಸರು ನಿಲ್ಲುವ ಮೂಲೆಯೇ ನಾಕಾ. "ಮುದುಕಿ ಕೂಡ ಸಂಸಾರ ಹೆಂಗ್ ನಡದದಲೇ ಸಾಬಣ್ಣಾ, ಅಂತ ಮಂದಿ ಕೇಳಲಿಕ್ಕತ್ತಾರಂತ."

"ಏ, ಮುದುಕಿ ಯಾರಿಗಂತಾರ?" ಎಂದು ಸುಂದ್ರವ್ವ ಅವಳತ್ತ ತಿರುಗಿದಳು. ಮತ್ತೆ ಇತ್ತ ತಿರುಗಿದಳು. "ನಮ್ಮ ಮುದುಕ ಒಬ್ಬವ ಖುಷಿ ಅದಾನ. ಹೊಸ ಅಂಗಿ ಹಾಕ್ಕೊಂಡು ಇವರ ಮನಿ ಮುಂದ ಹಾಯ್ಕೋತ ಹೊಂಟಾನ. ಇವತ್ತ ಎಂದಿಲ್ಲದ ನೀರು ತಂದಾನ. ಎರಡು ಕೊಡ ಇವರ ಮನಿಗಿ ಕೊಟ್ಟು ಬಂದಾನ!"

ಶರಣವ್ವನಿಗೆ ನಗು ಬಂತು. ನಕ್ಕುಬಿಟ್ಟಳು. ಅದೇ ಆಕೆಯ ತಪ್ಪು.

ಸುಂದ್ರವ್ವ ಜಗಳದ ದನಿ ಬಿಟ್ಟು, ಸಣ್ಣಗೆ ಹೇಳಿದಳು: "ಆ ಹೆಸರು ನಾ ಒಮ್ಮಿ ಬಾಗಲದಾಗ ಹೇಳಿದ್ದೆ, ಒಮ್ಮಿ ನಿನ್ನ ಮುಂದ ಹೇಳ್ದೆ. ನಡುವ ಎಂದೂ ಹೇಳಿಲ್ಲ. ನಿಂಗ ನಗಿ ಬರ್ತದ."

ಅಲ್ಲಿಂದ ಬಾಗಿಲುಗಳು ಮುಚ್ಚಿದವು. ಮರುದಿನ ನಳದ ಹತ್ತಿರ ಶರಣವ್ವ ಬಾಯಿ ತೆರೆದರೆ ಹೆಂಗಸರು ಕೊಡದ ಬಾಯಿ ನೋಡುತ್ತ ನಿಂತರು. ಬರಬೇಕಿದ್ದ ಅತಿಥಿ ಬರಲಿಲ್ಲ. ಆ ಶುಕ್ರವಾರ ಹಳೆಯದನ್ನೇ ಮತ್ತೆ ಹಾಕಿದರು. ಸದಾನಂದ ಸರ್ ಇಬ್ಬರನ್ನೂ ಕರೆಸಿದರು. ಜಾಹೀರಾತು ನಿಂತಿದೆ, ಆದರೆ ದೂರು ಬಂದಿದೆ, ಮುಂದಿನ ಶುಕ್ರವಾರ ಅತಿಥಿ ಇಲ್ಲದಿದ್ದರೆ ಆ ಅರ್ಧ ಗಂಟೆಗೆ ಯೋಗಾಸನ ಹಾಕುತ್ತೇನೆ ಎಂದರು.

"ರೇಡಿಯೋದಾಗ ಯೋಗಾಸನ ಹೆಂಗ್ ಕಾಣತದ್ರಿ ಸರ್?" ಎಂದು ಕೇಳಿದಳು ಶರಣವ್ವ. ಸರ್ ಬಾಗಿಲು ತೋರಿಸಿದರು. ಹೊರಗೆ ಬಂದ ಮೇಲೆ ಆಕೆ ಮೆಟ್ಟಿಲು ಇಳಿಯಲಿಲ್ಲ. ಅಲ್ಲೇ ಕೂತಳು. ಊರು ಬಿಟ್ಟ ಮೇಲೆ ಆಕೆಯನ್ನು ಎಲ್ಲರೂ ಕರೆದದ್ದು ಏನನ್ನಾದರೂ ತಾ ಎನ್ನಲು, ಎತ್ತು ಎನ್ನಲು, ಬಡಿ ಎನ್ನಲು. ಹೇಳು, ಕೇಳುತ್ತೇವೆ ಎಂದು ಕರೆದದ್ದು ಈ ಮೆಟ್ಟಿಲುಗಳ ಮೇಲಿನ ವಾಸನೆ ಹಿಡಿದ ಖೋಲಿ ಮಾತ್ರ.

ವಾರಿಜಾ ಪಕ್ಕದಲ್ಲಿ ಕೂತು ಮೂಗು ಒರೆಸಿಕೊಂಡಳು. "ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ. ನಾನು ಅದನ್ನು ಆರ್ಟ್ ಅಂತ ಮಾಡಿದ್ದು."

"ಆರ್ಟ್ ಮಾಡಾಕಿ ನಿಮ್ಮಪ್ಪ ನಿಮ್ಮವ್ವನ ಮ್ಯಾಲ ಮಾಡಬೇಕಿತ್ತು. ಹ್ವಾದ ಮಾನ ಮನ್ಯಾಗಾ ಇರ್ತಿತ್ತು. ನಡಿ, ಏಳು. ಕಾಲು ಹಿಡಿಯೂನು."

"ಯಾರದ್ದು?"

"ಸುಂದ್ರವ್ವಂದು. ನೀ ಎಡಗಾಲು, ನಾ ಬಲಗಾಲು. ಹೆಂಗೂ ಎಣ್ಣಿ ಹಚ್ಚೂ ಹೊತ್ತು."

ಸುಂದ್ರವ್ವ ಇಬ್ಬರಿಂದಲೂ ಎಣ್ಣೆ ಹಚ್ಚಿಸಿಕೊಂಡಳು. ಪೂರ್ತಿ ಹಚ್ಚಿಸಿಕೊಂಡ ಮೇಲೆಯೇ ಬಾಯಿ ಬಿಟ್ಟಳು. ಬರುತ್ತೇನೆ, ಶಿವಕುಮಾರಿಯನ್ನೂ ಕರೆತರುತ್ತೇನೆ, ಆದರೆ ಮೊದಲನೆಯದಾಗಿ, ಈ ಹುಡುಗಿ ಕತ್ತರಿ ಮುಟ್ಟಬಾರದು. ಹೇಳಿದ್ದು ಹೇಳಿದ ಹಾಗೆ ಆಗಿಂದಾಗಲೇ ಹೋಗಬೇಕು.

"ಅಂದ್ರೆ ಲೈವ್," ಎಂದಳು ವಾರಿಜಾ.

"ಏನರೆ ಅನ್ನು. ಎರಡನೇದು, ಶರಣವ್ವ, ಮೊದಲ ನೀ ಹೇಳಬೇಕು. ಎಲ್ಲಾರ ಗಂಡಂದಿರನ್ನೂ ಅಂಗಳಕ್ಕ ತಂದಿ. ನಿನ್ನ ಗಂಡನ್ನ ಮಾತ್ರ ಮನ್ಯಾಗ ಮುಚ್ಚಿ ಇಟ್ಟಿ. ಆ ನಿನ್ನ ಉದ್ದಾನ ಒಡಪು ನಾವೂ ಕೇಳೂಣು. ಬಾಗಲದಾಗ ತಡದು ಕೇಳ್ತೀವಿ."

"ಹೇಳ್ತೀನಿ. ಅದಕ್ಕೇನಾತು," ಎಂದಳು ಶರಣವ್ವ. ಆ ಚಾಳಿನ ಇತಿಹಾಸದಲ್ಲೇ ಆಕೆ ಅಷ್ಟು ಚಿಕ್ಕ ಮಾತು ಆಡಿದ್ದಿಲ್ಲ.

ಯಾಕೆಂದರೆ ಆಕೆಗೆ ಒಡಪು ಇರಲಿಲ್ಲ. ಉದ್ದದ್ದೂ ಇಲ್ಲ, ಗಿಡ್ಡದ್ದೂ ಇಲ್ಲ.

ಅಫಜಲಪುರದ ಕಡೆಯ ಹಳ್ಳಿಯಿಂದ ಸೋದರಮಾವನ ಜೊತೆ ಕಟ್ಟಡದ ಕೆಲಸಕ್ಕೆ ಬಂದಾಗ ಆಕೆಗೆ ಇಪ್ಪತ್ತರ ಆಸುಪಾಸು. ಘಾಟ್ಕೋಪರಿನಲ್ಲಿ ಎತ್ತರದ ಬಿಲ್ಡಿಂಗ್ ಏಳುತ್ತಿತ್ತು. ಈಕೆ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಮರೆಪ್ಪ ಗವಂಡಿ, ಗೋಡೆ ಕಟ್ಟುತ್ತಿದ್ದ. ಬೇರೆ ಬುಟ್ಟಿಗಳನ್ನು ಇಳಿಸಿಕೊಳ್ಳುವಾಗ ಆಕಾಶ ನೋಡುತ್ತಿದ್ದ. ಈಕೆಯ ಬುಟ್ಟಿ ಇಳಿಸಿಕೊಳ್ಳುವಾಗ ಬುಟ್ಟಿಯನ್ನೇ ನೋಡುತ್ತಿದ್ದ. ಅಷ್ಟು ಸಾಕಾಯಿತು. ಯಾರೂ ಬೇಡ ಅನ್ನಲಿಲ್ಲ, ಅನ್ನಲು ಅಲ್ಲಿ ಬಹಳ ಜನ ಇರಲೂ ಇಲ್ಲ. ಮಾವ ದಾದರಿಗೆ ಹೋಗಿ ಚೆಂಡುಹೂವಿನ ಎರಡು ಹಾರ ತಂದ. ಕೆಲಸ ನಿಲ್ಲಿಸಲು ಕೂಲಿಗಳ ಮೇಲ್ವಿಚಾರಕ ಮುಕಾದಮ ಬಿಡಲಿಲ್ಲ, ಚಹಾದ ಬಿಡುವಿನಲ್ಲೇ ಅಕ್ಷತೆ ಬಿತ್ತು. ಮರೆಪ್ಪ ಕೈ ತೊಳೆಯುವುದನ್ನು ಮರೆತು ಕುಂಕುಮ ಹಚ್ಚಿದ. ಸಿಮೆಂಟು ಬೆರೆತ ಕುಂಕುಮ ಹಣೆಯನ್ನು ವಾರದವರೆಗೆ ತುರಿಸಿತು.

ಅದೇ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಸಂಸಾರ. ನೆಲ ಇತ್ತು, ಮೂರು ಗೋಡೆ ಇತ್ತು, ಎದುರಿಗೆ ದೂರದ ಖಾಡಿಯೊಳಗೆ ನುಗ್ಗಿದ ಸಮುದ್ರದ ನೀರು ಸಂಜೆ ಸಂಜೆ ಹೊಳೆಯುತ್ತಿತ್ತು. ಚೌಕಟ್ಟು ಇನ್ನೂ ಬಂದಿರಲಿಲ್ಲ. ಅಡ್ಡ ಕೈ ಹಿಡಿಯಲು ಬಾಗಿಲೂ ಇಲ್ಲ, ಕೈ ಹಿಡಿಯುವ ನಾದಿನಿಯೂ ಇಲ್ಲ. ಶರಣವ್ವ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ಒಳಗೆ ನಡೆದುಹೋದಳು. ಮುಂದೆ ಗಂಡನ ಊರಿಗೆ ಹೋಗುವಷ್ಟರಲ್ಲಿ ಕಂಕುಳಲ್ಲಿ ಸೋನಾಲಿ ಇದ್ದಳು. ಅಳುವ ಕೂಸನ್ನು ಎತ್ತಿಕೊಂಡವಳನ್ನು ಬಾಗಿಲಲ್ಲಿ ತಡೆದು ಯಾರು ಹೆಸರು ಕೇಳುತ್ತಾರೆ?

ಇಡೀ ವಾರ ಆಕೆ ರೊಟ್ಟಿ ಬಡಿಯುತ್ತಾ ತುಟಿ ಅಲ್ಲಾಡಿಸಿದಳು. ಊರವರ ಗಂಡಂದಿರಿಗೆಲ್ಲ ಪ್ರಾಸ ಹೊಂದಿಸಿಕೊಟ್ಟವಳಿಗೆ ತನ್ನದೊಂದು ಕೂಡಿಬರಲಿಲ್ಲ. ಬೆಳ್ಳಿ ಬಟ್ಟಲು ತಂದಳು. ಮನೆಯಲ್ಲಿ ಬೆಳ್ಳಿ ಇರಲಿಲ್ಲ. ಮಾವಿನ ತೋರಣ ತಂದಳು. ಕಟ್ಟಲು ಬಾಗಿಲು ಇರಲಿಲ್ಲ. ಹೆಸರಿನ ಹತ್ತಿರ ಬಂದಾಗಲಂತೂ ನಾಲಿಗೆ ಒದ್ದೆ ಕಟ್ಟಿಗೆಯಾಗುತ್ತಿತ್ತು.

ಮರೆಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಬೆನ್ನು ಸೋತ ಮೇಲೆ ಗವಂಡಿ ಕೆಲಸ ಬಿಟ್ಟವನು. ಚಹಾ ಮಾಡುವುದು, ಬೆಳಿಗ್ಗೆ ನೀರು ಹಿಡಿಯುವುದು, ಉಳಿದ ಹೊತ್ತು ಇಯರ್‌ಫೋನ್ ಸಿಕ್ಕಿಸಿಕೊಂಡು ಹೆಂಡತಿಯನ್ನು ನೋಡಿ ನಗುವುದು, ಇವು ಈಗ ಅವನ ಕೆಲಸಗಳು.

"ನನ್ನ ಹೆಸರಿಗಿ ಕೂಡಾವು ಭಾಳ ಅವ ನೋಡು," ಎಂದ. "ಉಪ್ಪ ಅದ, ತುಪ್ಪ ಅದ."

"ಬೆಪ್ಪನೂ ಅದ."

"ಅದು ಬ್ಯಾಡ. ಮಂದಿಗಿ ಮೊದಲಾ ಗೊತ್ತದ."

"ನಿಮಗ ನಗಿ. ಸುಳ್ಳು ಹೇಳಿ ಸಿಕ್ಕೊಂಡೀನಿ ನಾ. ಬಾಗಲಾ ಇಲ್ದಾಕಿ ಬಾಗಲದಾಗ ಏನ್ ಹೇಳ್ಲಿ?"

ಮರೆಪ್ಪ ಚಹಾದ ಬಟ್ಟಲನ್ನು ಅವಳತ್ತ ಸರಿಸಿದ. "ನಾ ಇಷ್ಟು ಮಂದಿಗಿ ಮನಿ ಕಟ್ಟೀನಿ. ಯಾರೂ ನನ್ನ ಹೆಸರು ಕೇಳಿಲ್ಲ. ನೀನೂ ಹೇಳಿಲ್ಲ. ಮಳ್ಳಿ, ಅದು ಖರೇ ಅದನೋ ಇಲ್ಲೋ ಅಂತ ಒಮ್ಮೊಮ್ಮಿ ನನಗಾ ಸಂಶಯ." ಇಷ್ಟು ಹೇಳಿ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಅದರಲ್ಲಿ ಆಗ ತಮಿಳು ಬರುತ್ತಿತ್ತು. ಅವನಿಗೆ ತಮಿಳು ಬಾರದು.

ಶುಕ್ರವಾರ ಶರಣವ್ವ ಇಳಕಲ್ ಸೀರೆ ಉಟ್ಟು, ಬಳೆಗಳಿಗೆ ತಾನೇ ಕರ್ಚೀಫು ಕಟ್ಟಿಕೊಂಡು ಕಾಲೇಜಿಗೆ ಹೋದಳು. ಸ್ಟುಡಿಯೋದ ದಪ್ಪ ಬಾಗಿಲಿನ ಒಂದು ಬದಿಗೆ ಸುಂದ್ರವ್ವ, ಇನ್ನೊಂದು ಬದಿಗೆ ಶಿವಕುಮಾರಿ. ಇಬ್ಬರ ಕೈಯೂ ಅಡ್ಡ. ಒಳಗಿಂದ ವಾರಿಜಾ ಮೈಕಿನ ವಾಯರನ್ನು ಬಾಗಿಲವರೆಗೆ ಎಳೆದು ತಂದು ಹೊಸ್ತಿಲಲ್ಲಿ ಹಿಡಿದು ನಿಂತಿದ್ದಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಈಗ ಆಡಿದ್ದೆಲ್ಲ ಚೆಂಬೂರಿಗೆ ಕೇಳುತ್ತದೆ, ಮನಸ್ಸಿದ್ದರೆ ಘಾಟ್ಕೋಪರಿಗೂ.

"ಹೆಸರು ಹೇಳಿ ಒಳಗ ಬಾ," ಎಂದಳು ಸುಂದ್ರವ್ವ ಮೈಕಿಗೆ ಬಾಯಿ ಹಚ್ಚಿ. "ನಿನ್ನ ಆ ಉದ್ದಾಂದು ಹೇಳು."

ಶರಣವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಹೆಡ್‌ಫೋನ್ ಹಾಕಿದ್ದ ವಾರಿಜಾಳ ಕಣ್ಣು ದೊಡ್ಡದಾಯಿತು. ರೇಡಿಯೋದವರಿಗೆ ಬೈಗುಳ ನಡೆಯುತ್ತದೆ, ಕೆಮ್ಮು ನಡೆಯುತ್ತದೆ, ಮೌನ ಮಾತ್ರ ನಡೆಯುವುದಿಲ್ಲ. ಒಳಗೆ ಗಾಜಿನ ಆಚೆ ಸದಾನಂದ ಸರ್ ಎದ್ದು ನಿಂತರು. ಅವರ ಕೈ ಯೋಗಾಸನದ ಕಡೆಗೆ ಹೋಗುತ್ತಿತ್ತು.

"ಉದ್ದಾಂದು ಇಲ್ಲ," ಎಂದಳು ಶರಣವ್ವ. "ಸುಳ್ಳು ಹೇಳಿದ್ದೆ. ನನ್ನ ಯಾರೂ ತಡದಿದ್ದಿಲ್ಲ ಯವ್ವಾ. ತಡೀಲಿಕ್ಕ ಬಾಗಲಾ ಇರಲಿಲ್ಲ. ಕಟ್ಟೂ ಬಿಲ್ಡಿಂಗದಾಗ ಮದಿವಿ ಆತು, ಅಲ್ಲೇ ಚಾಪಿ ಹಾಸಿದ್ವಿ."

ಸುಂದ್ರವ್ವನ ಮುಖ ಮೆತ್ತಗಾಯಿತು. ಕೈ ಮಾತ್ರ ಇಳಿಯಲಿಲ್ಲ. "ಇಲ್ಲಿ ಬಾಗಲಾ ಅದಲ್ಲ. ನಾವು ತಡದೀವಲ್ಲ. ಹೇಳು."

ಶರಣವ್ವ ಅಡ್ಡ ಹಿಡಿದ ಎರಡು ಕೈಗಳನ್ನು ನೋಡಿದಳು. ಒಂದು ಸುಕ್ಕುಗಟ್ಟಿದ್ದು, ಎಣ್ಣೆಯ ವಾಸನೆಯದು. ಇನ್ನೊಂದರಲ್ಲಿ ಹಸಿರು ಬಳೆ ಇನ್ನೂ ಹೊಸದು. ಹಣೆಯಲ್ಲಿ ಎಲ್ಲೋ ಸಣ್ಣಗೆ ತುರಿಸಿದಂತಾಯಿತು. ಕಣ್ಣು ಮುಚ್ಚಿಕೊಂಡಳು.

"ಬಾಗಲಿಲ್ಲದ ಬಿಲ್ಡಿಂಗದಾಗ ತಡದು ಕೇಳವರು ಯಾರಪ್ಪ?
ಸಿಮೆಂಟಿನ ಕೈಲೇ ಕುಂಕುಮ ಹಚ್ಚಿ ಕರಕೊಂಡವರು..."

ಇಲ್ಲಿ ನಿಂತಳು. ಕರ್ಚೀಫಿನೊಳಗಿಂದಲೂ ಬಳೆ ಸದ್ದು ಮಾಡಿದವು.

"...ನಮ್ಮ ಮರೆಪ್ಪ."

ಕೈಗಳು ಮೇಲಕ್ಕೆ ಎದ್ದವು. ಶಿವಕುಮಾರಿ ಕೇಕೆ ಹಾಕಿದಳು. ಒಳಗೆ ದನಿ ಅಳೆಯುವ ಯಂತ್ರದ ಮುಳ್ಳು ಕೆಂಪು ದಾಟಿ ಹೋಯಿತು. ಶರಣವ್ವ ಬಲಗಾಲು ಮುಂದಿಟ್ಟು ಒಳಗೆ ಬಂದಳು. ಅತಿಥಿಯ ಕುರ್ಚಿಯಲ್ಲಿ ಅವಳನ್ನೇ ಕೂರಿಸಿ, ಎದುರಿನ ಕುರ್ಚಿಯಲ್ಲಿ ಸುಂದ್ರವ್ವ ಕೂತು, ಕಾಲು ಚಾಚಿ, ಸಂದರ್ಶಕಿಯ ಗತ್ತಿನಲ್ಲಿ ಕೇಳಿದಳು: "ಯಾವೂರ್ರೀ ನಿಮ್ದು?"

ಶರಣವ್ವ ಉತ್ತರ ಹೇಳುವ ಮೊದಲೇ ಫೋನಿನ ದೀಪ ಮಿನುಗಿತು. ಲೈವ್ ಕಾರ್ಯಕ್ರಮಕ್ಕೆ ಕೇಳುಗರು ಕರೆ ಮಾಡಬಹುದು ಎಂದು ಬೆಳಿಗ್ಗೆಯಿಂದ ಸಾರಿದ್ದರು. ವಾರಿಜಾ ಗುಂಡಿ ಒತ್ತಿದಳು.

"ಹಲೋ," ಎಂದಿತು ಗೊಗ್ಗರು ದನಿಯೊಂದು, ಕೆಮ್ಮು ಬಂದವನಂತೆ ಕೆಮ್ಮಿ. "ಆಕಿಗಿ ಇನ್ನೊಮ್ಮಿ ಹೇಳು ಅನ್ರಿ. ನಳದಾಗ ನೀರು ಬಂದಿತ್ತು, ಹಿಡೀಲಿಕ್ಕ ಹೋಗಿದ್ದೆ. ಕೇಳಲಿಲ್ಲ."

ಚಾಳಿನ ನಳದಲ್ಲಿ ಬೆಳಿಗ್ಗೆ ಬಿಟ್ಟರೆ ಹೊತ್ತು ಮುಳುಗುವವರೆಗೂ ಒಂದು ಹನಿ ಬರುವುದಿಲ್ಲ ಎಂಬುದು ಸುಂದ್ರವ್ವನಿಗೂ ಗೊತ್ತು, ಶಿವಕುಮಾರಿಗೂ ಗೊತ್ತು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡರು.

ಶರಣವ್ವ ಬಳೆಗಳಿಗೆ ಕಟ್ಟಿದ್ದ ಕರ್ಚೀಫು ಬಿಚ್ಚಿ ಮೇಜಿನ ಮೇಲಿಟ್ಟಳು. ಮೈಕನ್ನು ಹತ್ತಿರ ಎಳೆದುಕೊಂಡಳು.

"ಕೇಳುಗರೇ, ಈ ಮನುಷ್ಯಾನ ಬಾಯಾಗ ಒಂದೂ ಖರೇ ಮಾತಿಲ್ಲ," ಎಂದಳು. "ಸುಮ್ಮ ಕುಂತು ಕೇಳ್ರಿ. ಇನ್ನೊಮ್ಮಿ ಹೇಳ್ತೀನಿ."